ಕೋವಿಯ ಬೆನ್ನು ತೆರೆದಾಗ

ಚಿಕ್ಕೇರೂರು, ಹಂಸಬಾವಿ ಸುತ್ತಿನ ಹೊಲಗಳಲ್ಲಿ ಗೋವಿನಜೋಳ ತೆನೆ ಹಿಡಿಯಿತೆಂದರೆ ರೈತರಿಗೆ ಹಂದಿ ಕಾಯುವ ಚಿಂತೆ. ಬೆಳೆ ರಕ್ಷಣೆಗೆಂದು ಪರವಾನಿಗೆ ಪಡೆದ ಬಂದೂಕುಗಳು ರಾಜ್ಯದ ಎಷ್ಟೋ ಹಳ್ಳಿಮನೆಗಳಲ್ಲಿವೆ. ಚುನಾವಣೆ ಬಂತೆಂದರೆ ಅವನ್ನು ಪೊಲೀಸ್ ಠಾಣೆಗೆ ಒಪ್ಪಿಸಬೇಕಾಗುತ್ತದೆ. ನಳಿಗೆ ಸವೆದರೂ ಊರ ಕಮ್ಮಾರನ ಕುಲುಮೆಗೆ ಒಯ್ಯುವಂತಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಬಂದೂಕು ತಯಾರಿಸಲು ಮಾತ್ರವಲ್ಲ, ದುರಸ್ತಿಯ ಕಸುಬಿಗೂ ಪರವಾನಿಗೆ ಬೇಕು. ಕುಡ, ಕುಡುಗೋಲು, ಚಕ್ಕಡಿಯ ಹಳಿ ಮಾಡುವ ಕೈಗೆ ಈ ಕೆಲಸ ಏಕೆ ದೂರವಾಯಿತು? ಇದಕ್ಕೆ ಕಾನೂನು ಒಂದು ಕಾರಣ. ಕೋವಿಯ ರಚನೆಯೇ ಬದಲಾದದ್ದು ಇನ್ನೊಂದು.

ಮೊದಲಿನ ಕೋವಿಗಳಿಗೆ ಬಾಯಿಯಿಂದಲೇ ಮದ್ದು, ಗುಂಡು ತುಂಬಬೇಕಿತ್ತು. ಕಬ್ಬಿಣದ ಪಟ್ಟಿಯನ್ನು ಸಲಾಕೆಗೆ ಸುತ್ತಿ, ಕಾಯಿಸಿ ಬಡಿದು ಬೆಸೆದರೆ ನಳಿಗೆ. ಅದರ ಹಿಂತುದಿಯನ್ನು ಭದ್ರವಾಗಿ ಮುಚ್ಚಿಬಿಡುತ್ತಿದ್ದರು. ಗುಂಡು ನಳಿಗೆಗಿಂತ ತುಸು ಸಣ್ಣದಿರುತ್ತಿದ್ದುದರಿಂದ ಅಳತೆ ಅಲ್ಪಸ್ವಲ್ಪ ಹೆಚ್ಚುಕಡಿಮೆಯಾದರೂ ನಡೆಯುತ್ತಿತ್ತು. ನುರಿತ ಕಮ್ಮಾರನ ಕಣ್ಣೇ ಅಳತೆಗೋಲು. ಟಿಪ್ಪುವಿನ ಶ್ರೀರಂಗಪಟ್ಟಣದ ಕಾರ್ಖಾನೆಯಲ್ಲಿ ಹೀಗೆ ತಯಾರಾದ, ಹುಲಿಪಟ್ಟೆಯ ಅಲಂಕಾರದ ಕೋವಿಗಳು ಇಂದಿಗೂ ವಿದೇಶಿ ಸಂಗ್ರಹಾಲಯಗಳಲ್ಲಿವೆ.

ಆಯುಧ ಊರಲ್ಲೇ ತಯಾರಾಗಿ ಊರಲ್ಲೇ ದುರಸ್ತಿಯಾಗುವುದು ಆಳುವವರಿಗೆ ಅಪಾಯವಾಗಿ ಕಂಡಿತು. 1857ರಲ್ಲಿ ಕಂಪನಿ ಸರಕಾರ ಹತಾರಗಳನ್ನು ಒಪ್ಪಿಸಬೇಕೆಂದು ಕಾಯ್ದೆ ಮಾಡಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ನವೆಂಬರ್‌ನಲ್ಲಿ ಸೈನ್ಯ ಊರನ್ನು ಮುತ್ತಿ ಬೆಂಕಿಯಿಟ್ಟಿತು. ಡಿಸೆಂಬರ್‌ನಲ್ಲಿ 19 ಮಂದಿಯನ್ನು ಗಲ್ಲಿಗೇರಿಸಲಾಯಿತು. ಈ ಘಟನೆಯನ್ನು ಹಾಡಿದ ಲಾವಣಿಯನ್ನು ಸಂಗ್ರಹಿಸಿದವನು ಶಾಸನತಜ್ಞ ಜೆ.ಎಫ್. ಫ್ಲೀಟ್.

ಸರಕಾರದ ಅಂಜಿಕೆ ತನ್ನ ಸೈನಿಕರನ್ನೂ ಬಿಡಲಿಲ್ಲ. ಎನ್‌ಫೀಲ್ಡ್ ರೈಫಲ್ಲಿನ ನಳಿಗೆಯೊಳಗೆ ಸುರುಳಿಯಾಕಾರದ ಗೀರುಗಳಿದ್ದವು. ಅವು ಗುಂಡನ್ನು ತಿರುಗಿಸಿ ದೂರಕ್ಕೆ ನೇರವಾಗಿ ಒಯ್ಯುತ್ತಿದ್ದವು. ದಂಗೆಯ ನಂತರ ಭಾರತೀಯ ಸಿಪಾಯಿಗಳಿಗೆಂದು ಗೀರುಗಳಿಲ್ಲದ ನುಣುಪು ನಳಿಗೆಯ ಬಂದೂಕನ್ನು ಬೇರೆಯಾಗಿ ಸಿದ್ಧಪಡಿಸಿದರು. ನೋಡಲು ಅದೇ ಕೋವಿ. ಗುರಿಯ ಶಕ್ತಿ ಮಾತ್ರ ಕಡಿಮೆ.

1866ರ ಸುಮಾರಿಗೆ ಬ್ರಿಟಿಷರು ಅದೇ ಎನ್‌ಫೀಲ್ಡ್ ರೈಫಲ್ಲಿನ ನಳಿಗೆಯ ಹಿಂಭಾಗವನ್ನು ಕತ್ತರಿಸಿ, ಪಕ್ಕಕ್ಕೆ ತೆರೆಯುವ ಮುಚ್ಚಳ ಕೂಡಿಸತೊಡಗಿದರು. ಈ ಉಪಾಯ ಅಮೆರಿಕದ ಜೇಕಬ್ ಸ್ನೈಡರ್‌ನದು. ಇನ್ನು ಮದ್ದು, ಗುಂಡು, ಕೇಪು ಎಲ್ಲವೂ ಸೇರಿದ ತೋಟಾವನ್ನು ಹಿಂದಿನಿಂದ ತುಂಬಬಹುದಾಯಿತು. ಕೋವಿಯ ಬೆನ್ನು ತೆರೆಯಿತು. ಹೊಸದೊಂದು ಅಪಾಯವೂ ಹುಟ್ಟಿತು.

ಪೊಲೀಸರ ಕೈಯಲ್ಲಿ ನಾವು ಬಹುಕಾಲ ಕಂಡ 'ತ್ರೀ ನಾಟ್ ತ್ರೀ' ರೈಫಲ್ಲನ್ನೇ ನೋಡೋಣ. ಅದರ ತೋಟಾದ ಬುಡದಲ್ಲಿ ಸುತ್ತಲೂ ಒಂದು ಅಂಚಿದೆ. ಅಂಚು ನಳಿಗೆಯ ಹಿಂತುದಿಗೆ ತಾಗಿ ಕೂರುತ್ತದೆ. ಹಿಂದಿನಿಂದ ಅದನ್ನು ತಡೆದು ನಿಲ್ಲಿಸುವುದು ಬೋಲ್ಟ್, ಅಂದರೆ ಹಿಂದೆ ಮುಂದೆ ಸರಿಯುವ ಉಕ್ಕಿನ ಅಗಳಿ. ನಳಿಗೆಯ ತುದಿಗೂ ಬೋಲ್ಟಿನ ಮುಖಕ್ಕೂ ನಡುವಿನ ಜಾಗವೇ ಹೆಡ್‌ಸ್ಪೇಸ್. ಅದು 0.064 ಅಂಗುಲಕ್ಕಿಂತ ಕಡಿಮೆಯಿರಬಾರದು, 0.074 ದಾಟಬಾರದು. ಇವೆರಡರ ನಡುವಿನ ವ್ಯತ್ಯಾಸ ಕಾಲು ಮಿಲಿಮೀಟರ್ ಮಾತ್ರ. ಜಾಗ ಕಿರಿದಾದರೆ ಬೋಲ್ಟ್ ಮುಚ್ಚದು. ಹಿರಿದಾದರೆ ಗುಂಡು ಹಾರುವಾಗ ತೋಟಾದ ಹಿತ್ತಾಳೆ ಹಿಂದಕ್ಕೆ ಜಗ್ಗಿ ಹರಿಯಬಹುದು. ಬೆಂಕಿಯಂಥ ಅನಿಲ ಗುರಿಯಿಡುವವನ ಕಣ್ಣಿಗೇ ನುಗ್ಗಬಹುದು.

ಹೊಸ ನಳಿಗೆಯನ್ನು ತಿರುಪಿ ಕೂಡಿಸಿದಾಗ ಈ ಅಂತರ ಬದಲಾಗುತ್ತದೆ. ಅದಕ್ಕೇ ಉಕ್ಕಿನ ಎರಡು ಅಳತೆಬಿಲ್ಲೆಗಳು: ಒಂದರ ಮೇಲೆ ಬೋಲ್ಟ್ ಮುಚ್ಚಬೇಕು, ಇನ್ನೊಂದರ ಮೇಲೆ ಮುಚ್ಚಬಾರದು. ಎರಡನೇ ಮಹಾಯುದ್ಧದ ಕಾಲದ 'ನಂಬರ್ 4' ಮಾದರಿಗೆ 0, 1, 2, 3 ಎಂದು ಗುರುತಿಸಿದ, ಉದ್ದದಲ್ಲಿ ತುಸುತುಸುವೇ ಹೆಚ್ಚುವ ಬೋಲ್ಟ್ ತಲೆಗಳಿದ್ದವು. ಅಂತರಕ್ಕೆ ಸರಿಹೊಂದುವುದನ್ನು ಆರಿಸಿ ಹಾಕುತ್ತಿದ್ದರು. ಇದು ಕಣ್ಣಳತೆಯ ಕೆಲಸವಲ್ಲ. 1904ರಲ್ಲಿ ಸ್ಥಾಪನೆಯಾದ ಬಂಗಾಳದ ಈಶಾಪುರದ ರೈಫಲ್ ಕಾರ್ಖಾನೆಯಂಥ ಕಡೆ, ಯಂತ್ರ ಮತ್ತು ತಪಾಸಣೆಗಾರರ ನಡುವೆ ಆಗಬೇಕಾದದ್ದು.

ಹಲಗಲಿಯಲ್ಲಿ ಹತಾರವನ್ನು ಕಸಿದದ್ದು ಕಾಯ್ದೆ. ಮುಂದೆ ಅದನ್ನು ಕುಲುಮೆಯಿಂದ ಶಾಶ್ವತವಾಗಿ ಬೇರ್ಪಡಿಸಿದ್ದು ಈ ಕಾಲು ಮಿಲಿಮೀಟರ್. ಮೊದಲನೆಯದು ಜನರ ಮೇಲಿನ ಅಪನಂಬಿಕೆಯಿಂದ ಹುಟ್ಟಿದ್ದು. ಅದರ ಬಗ್ಗೆ ನಮಗೆ ಸಿಟ್ಟಿರುವುದು ಸಹಜ. ಎರಡನೆಯದು ಲೋಹದ ನಿಯಮ. ಅದಕ್ಕೆ ಆಳುವವರು, ಆಳಿಸಿಕೊಳ್ಳುವವರು ಎಂಬ ಭೇದವಿಲ್ಲ. ಸವೆದ ನಳಿಗೆಗೆ ಮನೆಯಲ್ಲೇ ಮದ್ದು ಹುಡುಕುವವರು ನೆನಪಿಡಬೇಕಾದ ಮಾತಿದು. ಮುಚ್ಚಿದ ಬೆನ್ನಿನ ಕೋವಿ ಕಮ್ಮಾರನ ತಪ್ಪನ್ನು ಅಷ್ಟಿಷ್ಟು ತಾಳಿಕೊಳ್ಳುತ್ತಿತ್ತು. ಬೆನ್ನು ತೆರೆದ ಕೋವಿ ತಾಳಿಕೊಳ್ಳುವುದಿಲ್ಲ.