ಬಣ್ಣ ಬಿಡುವ ಚಹಾ

ಹೋದ ದೀಪಾವಳಿಗೆ ಗದಗಿನ ಸೂಪರ್‌ಮಾರ್ಕೆಟ್ಟಿನಲ್ಲಿ ಟೀಬ್ಯಾಗಿನ ಡಬ್ಬಿಯೊಂದನ್ನು ಕೊಂಡು ಮುಂಡರಗಿಯ ದೊಡ್ಡವ್ವನ ಮನೆಗೆ ಹೋಗಿದ್ದೆ. ದೊಡ್ಡ ಕಪ್ಪಿನ ತುಂಬ ಬಿಸಿನೀರು ಹಾಕಿ, ಒಂದು ಚೀಲ ಅದ್ದಿ, ಎರಡು ನಿಮಿಷ ಬಿಟ್ಟು ಕೊಟ್ಟೆ. ಆಕೆ ಅದನ್ನು ಬೆಳಕಿಗೆ ಹಿಡಿದು ನೋಡಿ, "ಇದು ಚಾ ಅಲ್ಲೋ ತಮ್ಮಾ, ಚಾದ ಬೋಗಾಣಿ ತೊಳದ ನೀರು" ಎಂದಳು. ಆಮೇಲೆ ಎರಡು ಚೀಲ ಹರಿದು, ಒಳಗಿನ ಪುಡಿಯನ್ನು ಹಾಲು, ಸಕ್ಕರೆ, ಶುಂಠಿಯ ಜೊತೆ ಕುದಿಸಿದಳು. ಎರಡು ಸಲ ಉಕ್ಕಿ ಬಂದ ಮೇಲೆ ಸೋಸಿ ಬಸಿಗೆ ಸುರಿದಾಗ ಇಟ್ಟಂಗಿಯ ಬಣ್ಣ ಬಂದಿತ್ತು. "ಈಗ ಚಾ ಆತು" ಎಂದಳು.

ಪುಡಿ ಒಂದೇ, ತೀರ್ಪು ಎರಡು. ಆಕೆಯ ಅಳತೆಗೋಲು ಬಣ್ಣ. ಆಕೆಯದಷ್ಟೇ ಅಲ್ಲ. ಲಕ್ಷ್ಮೇಶ್ವರ, ಶಿರಹಟ್ಟಿಯ ಕಿರಾಣಿ ಅಂಗಡಿಗಳಲ್ಲಿ ಯಾವ ಪುಡಿ ಒಳ್ಳೆಯದೆಂದು ಕೇಳಿದಾಗಲೆಲ್ಲ ನನಗೆ ಸಿಕ್ಕ ಮೊದಲ ಉತ್ತರ, "ಇದು ಬಣ್ಣ ಚಲೋ ಬಿಡತೈತ್ರಿ." ವಾಸನೆಯ ಮಾತು ಯಾರೂ ಎತ್ತಲಿಲ್ಲ. ಈ ಅಳತೆಗೋಲು ನಮಗೆ ಎಲ್ಲಿಂದ ಬಂತು?

ಗದಗಿಗೆ ರೈಲು ಬಂದದ್ದು 1880ರ ದಶಕದಲ್ಲಿ. ಆಗ ಭಾರತದ ಚಹಾ ಬಹುತೇಕ ಹಡಗು ಹತ್ತುತ್ತಿತ್ತು. ಬೆಳೆಯುವ ದೇಶದಲ್ಲಿ ಕುಡಿಯುವವರು ಕಡಿಮೆ. 1903ರ ಕಾಯ್ದೆಯ ಪ್ರಕಾರ ರಫ್ತಾಗುವ ಚಹಾದ ಮೇಲೆ ಸೆಸ್ ಹಾಕಿ, ಆ ಹಣವನ್ನು ಚಹಾದ ಪ್ರಚಾರಕ್ಕೆ ಬಳಸತೊಡಗಿದರು. ಮೊದಲ ಮಹಾಯುದ್ಧದ ಹೊತ್ತಿಗೆ ಉತ್ತರ ಭಾರತದ ಜಂಕ್ಷನ್ನುಗಳಲ್ಲಿ ಸಣ್ಣ ವ್ಯಾಪಾರಿಗಳಿಗೆ ಕೆಟಲು, ಕಪ್ಪು, ಪುಡಿಯ ಪೊಟ್ಟಣ ಕೊಟ್ಟು ಚಹಾ ಮಾರಿಸಿದರು. ಮುಂದೆ ರೈಲು ನಿಲ್ದಾಣಗಳಲ್ಲಿ ಚಹಾ ಮಾಡುವ ಕ್ರಮ ಕಲಿಸುವ ಎನಾಮೆಲ್ ಫಲಕಗಳು ಬಂದವು. ಕಂಪನಿಗಳು ಕಲಿಸಿದ್ದು ಇಂಗ್ಲಿಷರ ಕ್ರಮ: ಎಲೆಯ ಮೇಲೆ ಕುದಿನೀರು ಸುರಿದು, ಮುಚ್ಚಿಟ್ಟು, ಹಾಲು ಸಕ್ಕರೆ ಆಮೇಲೆ ಬೆರೆಸುವುದು. ನಮ್ಮ ಜನ ಚಹಾ ಕಲಿತರು, ಕ್ರಮ ಕಲಿಯಲಿಲ್ಲ. ಹಾಲು, ಸಕ್ಕರೆ, ಮಸಾಲೆ ಎಲ್ಲ ಕೂಡಿಸಿ ಕುದಿಸಿದರು. ಇದರಲ್ಲಿ ಲೆಕ್ಕವೂ ಇತ್ತು: ಕುದಿಸಿದರೆ ಕಡಿಮೆ ಪುಡಿಯಲ್ಲಿ ಹೆಚ್ಚು ಕಪ್ಪು.

ಈ ಲೆಕ್ಕಕ್ಕೆ ಯಂತ್ರವೂ ಒದಗಿತು. 1930ರ ದಶಕದ ಆರಂಭದಲ್ಲಿ ಅಸ್ಸಾಮಿನಲ್ಲಿ ವಿಲಿಯಂ ಮೆಕ್‌ಕರ್ಚರ್ ರೂಪಿಸಿದ ಸಿಟಿಸಿ ಯಂತ್ರದಲ್ಲಿ ಹಲ್ಲುಗಳಿರುವ ಎರಡು ಉರುಳೆಗಳು ಬೇರೆಬೇರೆ ವೇಗದಲ್ಲಿ ತಿರುಗಿ ಎಲೆಯನ್ನು ಜಜ್ಜಿ, ಹರಿದು, ಉಂಡೆಗಟ್ಟಿಸುತ್ತವೆ. ಕಾಳಿನಂಥ ಈ ಪುಡಿ ಬೇಗ ಬಣ್ಣ ಬಿಡುತ್ತದೆ, ಹಾಲಿಗೂ ಸೋಲುವುದಿಲ್ಲ. ಸ್ವಾತಂತ್ರ್ಯಾನಂತರ ದೇಶದ ಚಹಾ ಎಂದರೆ ಬಹುಮಟ್ಟಿಗೆ ಇದೇ ಆಯಿತು.

ಟೀಬ್ಯಾಗು ಹುಟ್ಟಿದ್ದು ಬೇರೆ ಲೆಕ್ಕದಲ್ಲಿ. 1903ರಲ್ಲಿ ಅಮೆರಿಕದ ಇಬ್ಬರು ಹೆಂಗಸರು ಬಟ್ಟೆಯ ಚಹಾಚೀಲಕ್ಕೆ ಪೇಟೆಂಟ್ ಪಡೆದಿದ್ದರು. 1953ರಲ್ಲಿ ಟೆಟ್ಲಿ ಕಂಪನಿ ಅದನ್ನು ಬ್ರಿಟನ್ನಿನ ಮಾರುಕಟ್ಟೆಗೆ ತಂದಿತು. ಅವಸರದವರಿಗೆ, ಒಬ್ಬಂಟಿಗರಿಗೆ ಒಂದೊಂದೇ ಕಪ್ಪು. ಒಳಗೆ ತುಂಬುವುದು ಸಾಮಾನ್ಯವಾಗಿ ಫ್ಯಾನಿಂಗ್ಸ್ ಮತ್ತು ಡಸ್ಟ್. ಡಸ್ಟ್ ಎಂದೊಡನೆ ಕಸ ಎಂದುಕೊಳ್ಳುವುದು ತಪ್ಪು. ಅವು ಕಾಳಿನ ಗಾತ್ರ ಹೇಳುವ ಹೆಸರುಗಳು, ಗುಣ ಹೇಳುವವಲ್ಲ. ಒಳ್ಳೆಯ ತೋಟದ ಡಸ್ಟ್ ಕೆಟ್ಟ ತೋಟದ ಎಲೆಚಹಾಕ್ಕಿಂತ ಚೆನ್ನಾಗಿರಬಹುದು. ಸಣ್ಣ ಕಾಳು ಗಾಳಿಗೆ ಬೇಗ ಹಳಸುತ್ತದೆ ಎಂಬುದು ನಿಜ. ಹಾಗಾಗಿ ಡಬ್ಬಿಯ ಮೇಲೆ ಮೊದಲು ನೋಡಬೇಕಾದ್ದು ಪ್ಯಾಕ್ ಮಾಡಿದ ದಿನಾಂಕ.

ಗುಣ ಅಳೆಯುವವರದು ಬೇರೆಯೇ ಕ್ರಮ. 1980ರಲ್ಲಿ ಬಂದ ಐಎಸ್ಒ 3103 ಎಂಬ ಮಾನದಂಡದ ಪ್ರಕಾರ 100 ಮಿಲಿ ಕುದಿನೀರಿಗೆ 2 ಗ್ರಾಂ ಚಹಾ, ಆರು ನಿಮಿಷ. ಟೀಬ್ಯಾಗಿನಲ್ಲಿರುವುದೂ ಹೆಚ್ಚುಕಡಿಮೆ ಅಷ್ಟೇ. ನಾನು ದೊಡ್ಡವ್ವನಿಗೆ ಕೊಟ್ಟದ್ದರಲ್ಲಿ ನೀರು ದುಪ್ಪಟ್ಟು, ಸಮಯ ಮೂರರಲ್ಲೊಂದು ಪಾಲು. ತಪ್ಪು ಚೀಲದ್ದಷ್ಟೇ ಆಗಿರಲಿಲ್ಲ. ಮತ್ತೆ ಸರಿಯಾದ ಅಳತೆಯಲ್ಲಿ ಮಾಡಿ, ಹಾಲಿಲ್ಲದೆ ಕುಡಿದು ನೋಡಿದೆ. ಹೊಳಪಿತ್ತು, ನಾಲಿಗೆಗೆ ಚುರುಕೂ ಇತ್ತು, ಪರಿಮಳ ಮಾತ್ರ ತೆಳು. ಹೊಳಪು, ಚುರುಕು ಕೊಡುವುದು ಥಿಯಾಫ್ಲೇವಿನ್. ಗಾಢ ಕೆಂಗಂದು ಕೊಡುವುದು ಥಿಯಾರುಬಿಜಿನ್. ಎರಡೂ ಎಲೆ ಗಾಳಿಗೆ ಮಾಗುವಾಗ ಹುಟ್ಟುವಂಥವು. ಮಾಗುವುದು ಅತಿಯಾದರೆ ಮೊದಲನೆಯದು ತಗ್ಗುತ್ತದೆ. ಅಂದರೆ ಬಣ್ಣ ಗಾಢವಾಗಿದ್ದೂ ಚಹಾ ಮಂಕಾಗಿರಬಹುದು.

1942ರಲ್ಲಿ ಆಗಾಖಾನ್ ಅರಮನೆಯ ಬಂಧನದಲ್ಲಿದ್ದು ಆರೋಗ್ಯದ ಬಗ್ಗೆ ಬರೆದ ಗಾಂಧೀಜಿ, ಚಹಾ ಕುಡಿಯಲೇಬೇಕೆಂದರೆ ಪುಡಿಯನ್ನು ಸೋಸುವ ಜಾಲರಿಯಲ್ಲಿಟ್ಟು ಕುದಿನೀರು ಸುರಿಯಿರಿ, ಹುಲ್ಲಿನ ಬಣ್ಣ ಬಂದರೆ ಸಾಕು ಎಂದಿದ್ದರು. ಅದು ಹೆಚ್ಚುಕಡಿಮೆ ಟೀಬ್ಯಾಗಿನ ಕ್ರಮವೇ. ನಮ್ಮ ಓಣಿಯ ಚಾದಂಗಡಿಯಲ್ಲಿ ಆ ಬಣ್ಣದ ಚಹಾ ಕೊಟ್ಟರೆ ಗಿರಾಕಿ ದುಡ್ಡು ಕೊಡದೆ ಏಳುತ್ತಾನೆ.

ದೊಡ್ಡವ್ವನ ಅಳತೆಗೋಲನ್ನು ಅಜ್ಞಾನ ಎನ್ನಲಾರೆ. ಕಡಿಮೆ ಕಾಸಿನಲ್ಲಿ ಮನೆಮಂದಿಗೆಲ್ಲ ಚಹಾ ಕೊಡುವವರ ವಿವೇಕ ಅದು. ಆದರೆ ಮೋಸ ನುಸುಳುವುದೂ ಅಲ್ಲಿಯೇ. ಬಣ್ಣಕ್ಕೇ ಬೆಲೆ ಎಂದಾದರೆ ಬಣ್ಣವನ್ನೇ ಬೆರೆಸಿದರಾಯಿತು. 2024ರಲ್ಲಿ ರಾಜ್ಯದ ಆಹಾರ ಸುರಕ್ಷತಾ ಅಧಿಕಾರಿಗಳು ಕೃತಕ ಬಣ್ಣ ಮತ್ತು ಕೀಟನಾಶಕದ ಶಂಕೆಯಿಂದ ಚಹಾಪುಡಿಯ ಮಾದರಿ ಸಂಗ್ರಹಿಸಿದಾಗ, ಚಹಾ ಹೆಚ್ಚು ಕುಡಿಯುವ ಉತ್ತರ ಕರ್ನಾಟಕದ ಜಿಲ್ಲೆಗಳ ಪಟ್ಟಿಯಲ್ಲಿ ಗದಗವೂ ಇತ್ತು.

ಕಾನೂನಿನ ಅಳತೆಯಲ್ಲಿ ಬಣ್ಣಕ್ಕೆ ಅಂಕವಿಲ್ಲ. ಚಹಾದ ಸಾರ ಶೇ. 32ಕ್ಕಿಂತ ಕಡಿಮೆ ಇರಬಾರದು, ದಂಟಿನ ಲೆಕ್ಕ ಹೇಳುವ ನಾರು ಶೇ. 16.5 ಮೀರಬಾರದು, ಹೊರಗಿನ ಬಣ್ಣ ಇರಲೇಬಾರದು. ಸಾರ, ನಾರಿನ ಪರೀಕ್ಷೆಗೆ ಪ್ರಯೋಗಾಲಯ ಬೇಕು. ಬಣ್ಣದ್ದನ್ನು ಮನೆಯಲ್ಲೇ ನೋಡಬಹುದು: ಒದ್ದೆ ಮಾಡಿದ ಸೋಸುಕಾಗದದ ಮೇಲೆ ಚಿಟಿಕೆ ಪುಡಿ ಉದುರಿಸಿದರೆ, ಬೆರಕೆ ಬಣ್ಣ ಕೂಡಲೇ ಹರಿದು ಕಲೆಯಾಗುತ್ತದೆ.

ಸಂಕ್ರಾಂತಿಗೆ ಮತ್ತೆ ಮುಂಡರಗಿಗೆ ಹೋದಾಗ ಎರಡು ಒದ್ದೆ ಕಾಗದ ಹಾಸಿ, ಒಂದರ ಮೇಲೆ ಟೀಬ್ಯಾಗಿನ ಪುಡಿ, ಇನ್ನೊಂದರ ಮೇಲೆ ದೊಡ್ಡವ್ವನ ಡಬ್ಬಿಯ ಬಿಡಿ ಪುಡಿ ಉದುರಿಸಿದೆ. ಟೀಬ್ಯಾಗಿನದು ಸುಮ್ಮನಿತ್ತು. ಸಂತೆಯಲ್ಲಿ ಕೊಂಡ ಬಿಡಿ ಪುಡಿಯ ಸುತ್ತ ನೋಡುನೋಡುತ್ತಲೇ ಕೆಂಪು ಹರಡಿತು. ದೊಡ್ಡವ್ವನ ತವರು ಬೆಟಗೇರಿ, ನೇಕಾರರ ಮನೆ. ಆಕೆ ಬಹಳ ಹೊತ್ತು ಕಾಗದವನ್ನೇ ನೋಡಿದಳು.

"ನಮ್ಮಪ್ಪ ಹಸಿ ಅರಬಿ ತಿಕ್ಕಿ ಸೀರಿ ಬಣ್ಣ ನೋಡತಿದ್ದ. ಹಿಂಗ ಬಿಟ್ರ ವಾಪಸ್ ಕೊಡತಿದ್ದ" ಎಂದಳು.

ಡಬ್ಬಿಯನ್ನು ಹಿತ್ತಲಿಗೆ ಒಯ್ದು ಸುರಿದಳು. ಆಮೇಲೆ ಟೀಬ್ಯಾಗ್ ಹರಿದು ಚಹಾ ಕುದಿಸಲು ಇಟ್ಟಳು, ಈ ಸಲ ಮೂರು ಚೀಲ.