ಕಾನ್ವೆಂಟ್ ಶಾಲೆಯ ನೋಟಿಸು: ಮೊಂತಿ ಹಬ್ಬದಿಂದ ಕ್ರಿಸ್‌ಮಸ್‌ವರೆಗೆ

ನಮ್ಮ ಹಳ್ಳಿಗಳಲ್ಲಿ ಇಂಗ್ಲಿಷ್ ಮೀಡಿಯಂ ಶಾಲೆಗಳಿಗೆಲ್ಲ ಒಂದೇ ಹೆಸರು, ಕಾನ್ವೆಂಟ್. ಹಳದಿ ಬಸ್ಸು ರಸ್ತೆಗೆ ಬಂದು ನಿಂತರೆ 'ಕಾನ್ವೆಂಟ್ ಬಸ್ಸು ಬಂತು, ಬೇಗ ಹೊರಡು' ಅಂತ ಮಕ್ಕಳನ್ನು ಅವಸರ ಮಾಡುತ್ತೇವೆ. ಆ ಶಾಲೆ ನಡೆಸುವವರು ಯಾರೇ ಇರಲಿ, ಅದರ ಬೋರ್ಡಿನಲ್ಲಿ ಯಾವ ದೇವರ ಹೆಸರೇ ಇರಲಿ, ನಮ್ಮ ಬಾಯಲ್ಲಿ ಅದು ಕಾನ್ವೆಂಟೇ.

ಆದರೆ ಕಾನ್ವೆಂಟ್ ಅಂದರೆ ಶಾಲೆ ಅಂತಲ್ಲ, ಇಂಗ್ಲಿಷ್ ಅಂತಲೂ ಅಲ್ಲ. ಕ್ಯಾಥೊಲಿಕ್ ಸನ್ಯಾಸಿನಿಯರು ಒಟ್ಟಾಗಿ ವಾಸಿಸುವ ಮಠಕ್ಕೆ ಕಾನ್ವೆಂಟ್ ಅನ್ನುತ್ತಾರೆ. ಆ ಮಠದ ಅಂಗಳದಲ್ಲೇ ಹೆಣ್ಣುಮಕ್ಕಳಿಗೆ ಶಾಲೆ ನಡೆಯುತ್ತಿತ್ತು. ಮಠದ ಹೆಸರು ಶಾಲೆಗೆ ಅಂಟಿಕೊಂಡಿತು, ಆಮೇಲೆ ಮಠವಿಲ್ಲದ ಶಾಲೆಗಳಿಗೂ ಹರಡಿತು.

ಈ ಹೆಸರಿನ ಹಿಂದೆ ಹೆಣ್ಣುಮಕ್ಕಳ ಓದಿನ ಒಂದು ದೊಡ್ಡ ಕಥೆಯಿದೆ. ಮಂಗಳೂರಿನ ಕ್ಯಾಥೊಲಿಕ್ ಹೆಣ್ಣುಮಕ್ಕಳ ಶಾಲೆಗಳನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಸೆಪ್ಟೆಂಬರಿನಿಂದ ಡಿಸೆಂಬರ್‌ವರೆಗೆ ಅಲ್ಲಿಂದ ಮನೆಗೆ ಬರುವ ನೋಟಿಸುಗಳನ್ನು ಒಂದೊಂದಾಗಿ ಬಿಡಿಸಿದರೆ ಆ ಕಥೆ ಸಿಗುತ್ತದೆ.

ಸೆಪ್ಟೆಂಬರ್ 8: ಹೂವಿನ ಹಬ್ಬದ ರಜೆ

ಮಳೆ ಸ್ವಲ್ಪ ಬಿಡುವು ಕೊಡುವ ಹೊತ್ತಿಗೆ ಬರುವ ಮೊದಲ ನೋಟಿಸು ಇದು. ಸೆಪ್ಟೆಂಬರ್ 8 ಯೇಸುವಿನ ತಾಯಿ ಮರಿಯಮ್ಮನ ಹುಟ್ಟುಹಬ್ಬ. ಕರಾವಳಿಯಲ್ಲಿ ಇದನ್ನು ಮೊಂತಿ ಫೆಸ್ತ್ ಅಥವಾ ತೆನೆ ಹಬ್ಬ ಅನ್ನುತ್ತಾರೆ. ಅದಕ್ಕೂ ಮೊದಲು ಒಂಬತ್ತು ದಿನ ಮಕ್ಕಳು ಬೇಲಿ ಬದಿಯ, ಗುಡ್ಡದ, ಅಂಗಳದ ಹೂವು ಕೊಯ್ದು ತಟ್ಟೆಯಲ್ಲಿಟ್ಟುಕೊಂಡು ಇಗರ್ಜಿಗೆ ಹೋಗುತ್ತಾರೆ. ಬಾಲ ಮರಿಯಮ್ಮನಿಗೆ ಹಾಡು ಹೇಳುತ್ತಾ ಹೂವು ಅರ್ಪಿಸುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಗೆ ಆಶೀರ್ವಾದ ಆಗುತ್ತದೆ. ಆ ತೆನೆಯನ್ನು ಮನೆಗೆ ತಂದು, ಅದರ ಕಾಳನ್ನು ಸುಲಿದು ಹಾಲಿಗೋ ಪಾಯಸಕ್ಕೋ ಹಾಕಿ, ಮನೆಮಂದಿಯೆಲ್ಲ ಹಂಚಿಕೊಂಡು ಕುಡಿದು, ಆಮೇಲೆ ಊಟ. ಮೀನು ಮಾಂಸ ಬಿಟ್ಟಿರದ ಮನೆಗಳಲ್ಲೂ ಅವತ್ತು ತರಕಾರಿ ಊಟವೇ.

ಓದುವಾಗ ನಿಮಗೆ ನಿಮ್ಮೂರಿನದೇ ನೆನಪಾಗಿರಬಹುದು. ತುಳುವರ ಪುದ್ದಾರ್, ಕೊಡಗಿನ ಹುತ್ತರಿ, ಮಲೆನಾಡಿನ ಹೊಸ್ತು, ಎಲ್ಲ ಒಂದೇ ಗದ್ದೆಯ ಹಬ್ಬಗಳು. ಹೊರಗಿನಿಂದ ಬಂದ ಧರ್ಮವೂ ಇಲ್ಲಿನ ಮಳೆ ಬೆಳೆಗೆ ಹೊಂದಿಕೊಂಡೇ ಬೇರು ಬಿಟ್ಟಿತು. ಅದಕ್ಕೇ ಶಾಲೆಯ ರಜೆ ಪಟ್ಟಿಯಲ್ಲೂ ಭತ್ತದ ತೆನೆಗೆ ಜಾಗ ಸಿಕ್ಕಿತು.

ನವೆಂಬರ್ 19: ಹಡಗಿನಲ್ಲಿ ಬಂದವರು

ಎರಡನೆಯ ದಿನ ನವೆಂಬರ್ 19. ಅಪೊಸ್ತಲಿಕ್ ಕಾರ್ಮೆಲ್ ಎಂಬ ಸನ್ಯಾಸಿನಿಯರ ಸಂಘದ ಮೊದಲ ಸಿಸ್ಟರ್‌ಗಳು 1870ರಲ್ಲಿ ಇದೇ ದಿನ ಮಂಗಳೂರಿಗೆ ಬಂದಿಳಿದರು. ಸೇಂಟ್ ಆ್ಯನ್ಸ್ ಕಾನ್ವೆಂಟ್ ಅವರ ಮೊದಲ ನೆಲೆಯಾಯಿತು.

ಈ ಸಂಘ ಕಟ್ಟಿದವರು ಸೋಫಿ ಲೀವ್ಸ್ ಎಂಬ ಹೆಣ್ಣುಮಗಳು. 1823ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ, ಅಂದರೆ ಈಗಿನ ಇಸ್ತಾಂಬುಲ್‌ನಲ್ಲಿ ಹುಟ್ಟಿದವರು. ತಂದೆ ಇಂಗ್ಲೆಂಡಿನ ಆಂಗ್ಲಿಕನ್ ಪಾದ್ರಿ. ಮಗಳು ದೊಡ್ಡವಳಾದ ಮೇಲೆ ಕ್ಯಾಥೊಲಿಕ್ ಆಗಿ, ಸನ್ಯಾಸ ಸ್ವೀಕರಿಸಿ, ಮದರ್ ವೆರೋನಿಕಾ ಎಂಬ ಹೆಸರು ಪಡೆದರು. 1862ರಲ್ಲಿ ಕಲ್ಲಿಕೋಟೆಗೆ ಬಂದು ಅಲ್ಲಿ ಹೆಣ್ಣುಮಕ್ಕಳ ಶಾಲೆ ನೋಡಿಕೊಂಡರು.

ಆಗಿನ ಕಾರ್ಮೆಲ್ ಸನ್ಯಾಸಿನಿಯರಿಗೆ ಒಂದು ಕಟ್ಟುಪಾಡು ಇತ್ತು. ಒಮ್ಮೆ ಮಠ ಸೇರಿದರೆ ಅದರ ಗೋಡೆ ದಾಟುವ ಹಾಗಿಲ್ಲ. ಜೀವನವಿಡೀ ಪ್ರಾರ್ಥನೆ, ಮೌನ. ಹೀಗಿದ್ದರೆ ಹೆಣ್ಣುಮಕ್ಕಳಿಗೆ ಪಾಠ ಹೇಳುವವರು ಯಾರು? ಕರಾವಳಿಯಲ್ಲಿ ಕೆಲಸ ಮಾಡುತ್ತಿದ್ದ ಕಾರ್ಮೆಲ್ ಸಭೆಯ ಬಿಷಪ್ ಮರೀ ಎಫ್ರೆಮ್ ಅವರಿಗೂ ಇದೇ ಚಿಂತೆ. ಕಾರ್ಮೆಲ್‌ನ ಪ್ರಾರ್ಥನೆಯೂ ಇರಬೇಕು, ಹೊರಗೆ ಬಂದು ಶಾಲೆಯೂ ನಡೆಸಬೇಕು, ಅಂಥ ಹೊಸ ಬಗೆಯ ಸಂಘ ಬೇಕಿತ್ತು. 1868ರ ಜುಲೈ 16ರಂದು ಫ್ರಾನ್ಸಿನ ಬಯೋನ್ ಊರಿನಲ್ಲಿ ಮದರ್ ವೆರೋನಿಕಾ ಅದನ್ನು ಶುರು ಮಾಡಿದರು. ಎರಡು ವರ್ಷಕ್ಕೆ ಅದರ ಸಿಸ್ಟರ್‌ಗಳು ಮಂಗಳೂರಿನಲ್ಲಿದ್ದರು. ಮದರ್ ವೆರೋನಿಕಾ 1906ರ ನವೆಂಬರ್ 16ರಂದು ಫ್ರಾನ್ಸಿನ ಪೋ ಊರಿನಲ್ಲಿ ತೀರಿಕೊಂಡರು.

ಅದೇ 1870ರಲ್ಲಿ, ಗೋಡೆಯೊಳಗೇ ಇರುವ ಕಾರ್ಮೆಲ್ ಸನ್ಯಾಸಿನಿಯರ ಇನ್ನೊಂದು ಗುಂಪೂ ಮಂಗಳೂರಿಗೆ ಹೊರಟಿತ್ತು. ಸೂಯೆಜ್ ಕಾಲುವೆ ತೆರೆದು ಒಂದು ವರ್ಷವೂ ಆಗಿರಲಿಲ್ಲ. ಆಗಸ್ಟಿನಲ್ಲಿ ಹೊರಟವರಲ್ಲಿ ಮೂವರು ಮಂಗಳೂರು ಕಾಣುವ ಮೊದಲೇ ದಾರಿಯಲ್ಲಿ ತೀರಿಕೊಂಡರು. ಬದುಕಿ ಬಂದವರಲ್ಲಿ ಮರಿಯಂ ಬವಾರ್ದಿ ಎಂಬ 24 ವರ್ಷದವರೊಬ್ಬರಿದ್ದರು. ಪ್ಯಾಲೆಸ್ತೀನಿನ ಗಲಿಲಾಯ ಸೀಮೆಯ ಹಳ್ಳಿಯವರು. ಚಿಕ್ಕಂದಿನಲ್ಲೇ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡು, ಊರೂರು ಅಲೆದು ಮನೆಗೆಲಸ ಮಾಡಿ ಬದುಕಿದವರು. ಓದು ಬರಹ ಅಷ್ಟಾಗಿ ಬರುತ್ತಿರಲಿಲ್ಲ. ಎರಡು ವರ್ಷ ಮಂಗಳೂರಿನಲ್ಲಿದ್ದು ವಾಪಸು ಹೋದರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತೆ ಎಂದು ಘೋಷಿಸಿದರು. ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಲು ಸಿಸ್ಟರ್‌ಗಳು ಬಂದ ಅದೇ ವರ್ಷ ಅದೇ ಊರಿಗೆ, ಅಕ್ಷರ ಸಿಗದೆ ಬೆಳೆದ ಹೆಣ್ಣುಮಗಳೊಬ್ಬಳೂ ಬಂದಿದ್ದಳು.

ಇನ್ಸ್‌ಪೆಕ್ಟರ್ ಬರುತ್ತಾರೆ

'ನಾಳೆ ಇನ್ಸ್‌ಪೆಕ್ಟರ್ ಬರುತ್ತಾರೆ, ಎಲ್ಲರೂ ಸ್ನಾನ ಮಾಡಿ ಒಗೆದ ಬಟ್ಟೆ ಹಾಕಿಕೊಂಡು ಬನ್ನಿ.' ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ, ಈ ಮಾತು ಕೇಳದವರು ಸಿಗಲಿಕ್ಕಿಲ್ಲ.

ಇದರ ಮೂಲ 1854ರ ವುಡ್ ಅವರ ಶಿಕ್ಷಣ ಆದೇಶ. ಖಾಸಗಿಯವರು ಶಾಲೆ ನಡೆಸಿದರೆ ಸರ್ಕಾರ ಅನುದಾನ ಕೊಡಬಹುದು, ಹೆಣ್ಣುಮಕ್ಕಳ ಶಾಲೆಗೂ ಬೆಂಬಲ ಕೊಡಬೇಕು ಅಂತ ಅದರಲ್ಲಿತ್ತು. ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಅನುದಾನ ಬೇಕಾದರೆ ಲೆಕ್ಕ ಬೇಕು. ಮಕ್ಕಳೆಷ್ಟು, ದಿನಾ ಬರುವವರೆಷ್ಟು, ಪಾಸಾದವರೆಷ್ಟು ಎಂದು ಇನ್ಸ್‌ಪೆಕ್ಟರ್ ಬಂದು ನೋಡಬೇಕು. ದಾಖಲಾತಿ ರಿಜಿಸ್ಟರ್, ಹಾಜರಿ ಪುಸ್ತಕ, ಅರ್ಧವಾರ್ಷಿಕ ಪರೀಕ್ಷೆ, ಮನೆಗೆ ಕಳಿಸುವ ಚೀಟಿ ಎಲ್ಲ ಈ ಲೆಕ್ಕದ ಸುತ್ತಲೇ ಗಟ್ಟಿಯಾದವು.

ಇದು ಬರೀ ಕಾಗದದ ಕೆಲಸ ಅನ್ನಿಸಬಹುದು. ಆದರೆ ಆ ಕಾಲದ ಹೆಣ್ಣುಮಗಳ ಹೆಸರು ಬೇರೆ ಎಲ್ಲಿ ಬರೆದಿರುತ್ತಿತ್ತು? ಜಮೀನಿನ ಪತ್ರದಲ್ಲಿ ಹೆಚ್ಚಾಗಿ ಗಂಡಸರ ಹೆಸರು. ಮದುವೆಯ ಕಾಗದದಲ್ಲಿ ಇಂಥವರ ಮಗಳು, ಇಂಥವರ ಹೆಂಡತಿ. ಶಾಲೆಯ ರಿಜಿಸ್ಟರಿನಲ್ಲಿ ಮಾತ್ರ ಅವಳ ಹೆಸರಿಗೆ ಅವಳದೇ ಒಂದು ಸಾಲು ಇತ್ತು.

ರಜೆ ಮುಗಿದ ಮೇಲೆ ಬಾರದ ಹುಡುಗಿ

ದಸರಾ ರಜೆಯ ನೋಟಿಸಿನಲ್ಲಿ ಶಾಲೆ ಮುಚ್ಚುವ ದಿನದ ಜೊತೆ ತೆರೆಯುವ ದಿನವೂ ಇರುತ್ತದೆ. ಹಬ್ಬ, ಕೊಯ್ಲು ಎರಡೂ ಒಟ್ಟಿಗೆ ಬರುವ ಕಾಲ ಅದು. ಮನೆಯಲ್ಲಿ ಚಿಕ್ಕ ಮಕ್ಕಳನ್ನು ನೋಡಿಕೊಳ್ಳಲು ಕೈ ಬೇಕು, ಅಂಗಳದಲ್ಲಿ ಭತ್ತ ಒಣಗಿಸಲು ಕೈ ಬೇಕು. ಆ ಕೈ ಹೆಚ್ಚಾಗಿ ಮನೆಯ ಹುಡುಗಿಯದೇ. ಜೊತೆಗೆ ಮದುವೆ. 1930ರಲ್ಲಿ ಶಾರದಾ ಕಾಯ್ದೆ ಜಾರಿಗೆ ಬಂದಾಗಲೂ ಹುಡುಗಿಯ ಮದುವೆಗೆ ಕನಿಷ್ಠ ವಯಸ್ಸು 14 ಮಾತ್ರ. ಅಂದರೆ ಹೈಸ್ಕೂಲು ಮುಗಿಸುವ ಮೊದಲೇ ಮದುವೆ ಮಾಡಿದರೂ ಕಾನೂನಿನ ಅಡ್ಡಿ ಇರಲಿಲ್ಲ.

1901ರ ಜನಗಣತಿಯ ಪ್ರಕಾರ ಇಡೀ ದೇಶದಲ್ಲಿ ಓದು ಬರಹ ಬಲ್ಲ ಗಂಡಸರು ನೂರಕ್ಕೆ ಸುಮಾರು 10. ಹೆಂಗಸರು ಸಾವಿರಕ್ಕೆ 6. ಆ ಆರರಲ್ಲಿ ಒಬ್ಬಳಾಗಲು ಹುಡುಗಿಗೆ ಓದುವ ಆಸೆ ಒಂದೇ ಸಾಲದು. ಹತ್ತಿರದಲ್ಲಿ ಶಾಲೆ ಇರಬೇಕು, ಪಾಠ ಹೇಳಲು ಹೆಂಗಸರೇ ಇರಬೇಕು, ಅಪ್ಪ ಒಪ್ಪಬೇಕು, ಫೀಸಿಗೆ ದುಡ್ಡಿರಬೇಕು. ಕಾನ್ವೆಂಟ್ ಇದರಲ್ಲಿ ಮೊದಲ ಎರಡನ್ನು ಕೊಟ್ಟಿತು. ಪಾಠ ಹೇಳುವವರೂ ಹೆಂಗಸರೇ, ಬೋರ್ಡಿಂಗಿನಲ್ಲಿ ಕಾಯುವವರೂ ಹೆಂಗಸರೇ ಎಂದಾಗ ಅಪ್ಪಂದಿರ ಭಯವೂ ಸ್ವಲ್ಪ ಇಳಿಯಿತು.

ಆದರೆ ನಾಲ್ಕನೆಯದು, ದುಡ್ಡು, ಹಾಗೇ ಉಳಿಯಿತು. ಪೇಟೆಯ ಕ್ರೈಸ್ತ ಮನೆಗಳ, ಅನುಕೂಲಸ್ಥ ಮನೆಗಳ ಹುಡುಗಿಯರಿಗೆ ಬಾಗಿಲು ಮೊದಲು ತೆರೆಯಿತು. ಗೇಣಿ ಒಕ್ಕಲಿನ ಮಗಳಿಗೆ, ದಲಿತ ಕೇರಿಯ ಮಗಳಿಗೆ ಅದು ದೂರವೇ ಇತ್ತು. ಮಂಗಳೂರಿನಲ್ಲೇ ಕುದ್ಮುಲ್ ರಂಗರಾಯರು 1892ರಲ್ಲಿ ದಲಿತ ಮಕ್ಕಳಿಗಾಗಿ ಬೇರೆಯೇ ಶಾಲೆ ತೆರೆಯಬೇಕಾಯಿತು ಅಂದರೆ, ಇದ್ದ ಶಾಲೆಗಳು ಯಾರಿಗೆ ಮುಟ್ಟುತ್ತಿರಲಿಲ್ಲ ಎಂದು ತಿಳಿಯುತ್ತದೆ.

ಮತಾಂತರದ ಭಯವೂ ಇತ್ತು. ಕ್ರೈಸ್ತರ ಶಾಲೆಗೆ ಮಗಳನ್ನು ಕಳಿಸಲು ಹಿಂಜರಿದವರು ಸುಮ್ಮನೆ ಕೂರಲಿಲ್ಲ. 1894ರಲ್ಲಿ ಕೆನರಾ ಹೆಣ್ಣುಮಕ್ಕಳ ಶಾಲೆ ಬಂತು, 1918ರಲ್ಲಿ ಬೆಸೆಂಟ್ ಶಾಲೆ ಬಂತು. ಒಬ್ಬರನ್ನು ನೋಡಿ ಇನ್ನೊಬ್ಬರು ಶಾಲೆ ಕಟ್ಟಿದ ಈ ಪೈಪೋಟಿಯಿಂದ ಗೆದ್ದವರು ಹುಡುಗಿಯರು. ಹಳೇ ಮೈಸೂರಿನ ಕಡೆಯ ದಾರಿ ಬೇರೆ. ಬೆಂಗಳೂರಿಗೆ ಗುಡ್ ಶೆಫರ್ಡ್ ಸಿಸ್ಟರ್‌ಗಳು 1854ರಲ್ಲೇ ಬಂದಿದ್ದರು. ಮೈಸೂರಿನಲ್ಲಿ 1881ರಲ್ಲಿ ಅರಮನೆಯ ಆಶ್ರಯದಲ್ಲಿ ಮಹಾರಾಣಿ ಶಾಲೆ ಶುರುವಾಯಿತು.

41 ವರ್ಷ ಕಾದ ಕಾಲೇಜು

ಈಗ ಒಂದು ಸಣ್ಣ ಲೆಕ್ಕ. ಮಂಗಳೂರಿನಲ್ಲಿ ಜೆಸ್ವಿಟ್ ಪಾದ್ರಿಗಳು ಹುಡುಗರಿಗೆ ಸೇಂಟ್ ಅಲೋಶಿಯಸ್ ಕಾಲೇಜು ತೆರೆದದ್ದು 1880ರಲ್ಲಿ. ಅದೇ ಊರಿನ ಹುಡುಗಿಯರಿಗೆ ಸೇಂಟ್ ಆ್ಯಗ್ನೆಸ್ ಕಾಲೇಜು ಸಿಕ್ಕಿದ್ದು 1921ರಲ್ಲಿ. ನಡುವೆ 41 ವರ್ಷ.

ಈ 41 ವರ್ಷಗಳಲ್ಲಿ ಅಣ್ಣ ಮನೆಯಿಂದ ನಡೆದೇ ಕಾಲೇಜಿಗೆ ಹೋಗಬಹುದಿತ್ತು. ತಂಗಿ ಮೆಟ್ರಿಕ್ ಪಾಸಾದರೆ ಅಲ್ಲಿಗೆ ಮುಗಿಯಿತು. ಹೆಣ್ಣುಮಕ್ಕಳದೇ ಕಾಲೇಜು ಬೇಕೆಂದರೆ ಮದ್ರಾಸಿನ ಕಡೆ ನೋಡಬೇಕು. ಅಲ್ಲೂ ಕ್ವೀನ್ ಮೇರಿಸ್ ಕಾಲೇಜು ಶುರುವಾದದ್ದು 1914ರಲ್ಲಿ. ರೈಲು ಮಂಗಳೂರಿಗೆ ಬಂದದ್ದೇ 1907ರಲ್ಲಿ. ಒಬ್ಬಳೇ ಮಗಳನ್ನು ಅಷ್ಟು ದೂರ ಕಳಿಸುವ ಮನೆಗಳು ಎಷ್ಟಿದ್ದಾವು?

ಅಪೊಸ್ತಲಿಕ್ ಕಾರ್ಮೆಲ್‌ನ ಮದರ್ ಅಲೋಶಿಯಾ ಮಂಗಳೂರಿನಲ್ಲೇ ಕಾಲೇಜು ಕಟ್ಟಿದ ಮೇಲೆ ಈ ದಾರಿ ತೆರೆಯಿತು. ಅದು ದಕ್ಷಿಣ ಭಾರತದ ಮೊದಲ ಕ್ಯಾಥೊಲಿಕ್ ಮಹಿಳಾ ಕಾಲೇಜು. ಅಲ್ಲಿ ಓದಿದವರಲ್ಲಿ ಟೀಚರಾದವರು ಬೇರೆ ಊರಿನ ಹುಡುಗಿಯರಿಗೆ ಪಾಠ ಹೇಳಿದರು. ಒಂದು ತಲೆಮಾರು ಓದಿದರೆ ಮುಂದಿನ ತಲೆಮಾರಿಗೆ ಟೀಚರ್ ಸಿಗುತ್ತಾರೆ.

ಐದು ಭಾಷೆಯ ಹುಡುಗಿ

ಆ ಶಾಲೆಯ ಹುಡುಗಿಯ ಒಂದು ದಿನ ಊಹಿಸಿಕೊಳ್ಳಿ. ಮನೆಯಲ್ಲಿ ಕೊಂಕಣಿ, ಅಂಗಡಿಯಲ್ಲಿ ಗದ್ದೆಯಲ್ಲಿ ತುಳು, ಇಗರ್ಜಿಯ ಪೂಜೆಯಲ್ಲಿ ಲ್ಯಾಟಿನ್. ಶಾಲೆಯಲ್ಲಿ ಕನ್ನಡ, ಮೇಲಿನ ತರಗತಿಗೆ ಹೋದರೆ ಇಂಗ್ಲಿಷ್. ಮಂಗಳೂರಿನ ಕ್ಯಾಥೊಲಿಕರು ತಮ್ಮ ಕೊಂಕಣಿಯನ್ನೂ ಕನ್ನಡ ಲಿಪಿಯಲ್ಲೇ ಬರೆದರು. 1912ರಲ್ಲಿ ಬಂದ 'ಕೊಂಕಣಿ ದಿರ್ವೆಂ' ಪತ್ರಿಕೆ, 1938ರಲ್ಲಿ ಶುರುವಾದ 'ರಾಕ್ಣೊ' ವಾರಪತ್ರಿಕೆ ಎರಡೂ ಕನ್ನಡ ಅಕ್ಷರದವು. ಹೀಗಾಗಿ ಶಾಲೆಯಲ್ಲಿ ಕಲಿತ ಕನ್ನಡ ಅಕ್ಷರ ಅವಳಿಗೆ ಎರಡು ಭಾಷೆಯ ಓದನ್ನು ಒಟ್ಟಿಗೆ ಕೊಟ್ಟಿತು.

'ಕಾನ್ವೆಂಟ್ ಅಂದರೆ ಇಂಗ್ಲಿಷ್, ಕನ್ನಡ ಬೇಡ' ಎಂಬುದು ಇತ್ತೀಚಿನ ನಂಬಿಕೆ. ಹೆಸರು ಉಳಿಸಿಕೊಂಡ ನಾವು ಅದರ ಜೊತೆಗಿದ್ದ ಭಾಷೆಗಳನ್ನು ಬಿಟ್ಟುಬಿಟ್ಟಿದ್ದೇವೆ.

ಈ ವರ್ಷದ ನೋಟಿಸು

ಈಗ ನೋಟಿಸು ಕಾಗದದಲ್ಲಿ ಬರುವುದು ಕಡಿಮೆ, ವಾಟ್ಸಾಪಿನಲ್ಲಿ ಬರುತ್ತದೆ. ಸೆಪ್ಟೆಂಬರ್ 8ರ ರಜೆ, ದಸರಾ ರಜೆ, ಮಕ್ಕಳ ದಿನಾಚರಣೆ, ಕ್ರಿಸ್‌ಮಸ್ ಕಾರ್ಯಕ್ರಮ. ಕರಾವಳಿಯ ಕೆಲವು ಕ್ರೈಸ್ತ ಶಾಲೆಗಳು ದಸರಾ ರಜೆಯಲ್ಲಿ ಕೆಲವು ದಿನ ಕಡಿಮೆ ಮಾಡಿ ಅದನ್ನು ಕ್ರಿಸ್‌ಮಸ್‌ಗೆ ಕೊಡುವುದೂ ಉಂಟು. ಇವುಗಳ ನಡುವೆ ಇನ್ನೊಂದು ನೋಟಿಸು ಇರುತ್ತದೆ, ನಾವು ಸರಿಯಾಗಿ ಓದದೇ ಬಿಡುವಂಥದ್ದು. ಹತ್ತನೇ ತರಗತಿಯ ಮಕ್ಕಳ ಹೆಸರು, ತಂದೆ ತಾಯಿಯ ಹೆಸರು, ಹುಟ್ಟಿದ ದಿನ ಸರಿಯಿದೆಯೇ ನೋಡಿ ಹೇಳಿ ಎನ್ನುವ ನೋಟಿಸು.

ಅದನ್ನು ದಯವಿಟ್ಟು ಓದಿ. ಒಂದು ಅಕ್ಷರ ತಪ್ಪಿದರೆ ಮುಂದೆ ಸ್ಕಾಲರ್‌ಶಿಪ್ಪಿಗೆ, ಪಾಸ್‌ಪೋರ್ಟಿಗೆ, ಕೆಲಸಕ್ಕೆ ಅಲೆಯಬೇಕಾಗುತ್ತದೆ. ದಸರಾ ರಜೆ ಮುಗಿದ ಮೇಲೆ ನಿಮ್ಮ ಓಣಿಯಲ್ಲಿ ಯಾವ ಹುಡುಗಿ ಶಾಲೆಗೆ ಹೋಗುತ್ತಿಲ್ಲ ಅನ್ನುವುದನ್ನೂ ಸ್ವಲ್ಪ ಗಮನಿಸಿ. ಅವಳ ಟೀಚರಿಗೆ ಒಂದು ಫೋನ್ ಮಾಡಿದರೆ ಸಾಕು, ಮಾತುಕತೆ ಶುರುವಾಗುತ್ತದೆ.

ಇನ್ನೊಂದು ಕೋರಿಕೆ. ಮನೆಯ ಹಳೇ ಟ್ರಂಕಿನಲ್ಲಿ ಅಜ್ಜಿಯ, ದೊಡ್ಡಮ್ಮನ ಶಾಲೆ ಸರ್ಟಿಫಿಕೇಟು, ಪ್ರಗತಿ ಪತ್ರ, ಗ್ರೂಪ್ ಫೋಟೊ ಇದ್ದರೆ ಎಸೆಯಬೇಡಿ. ಫೋಟೊದ ಹಿಂದೆ ಯಾರ್‍ಯಾರು ನಿಂತಿದ್ದಾರೆ, ಯಾವ ವರ್ಷ ಅಂತ ಪೆನ್ಸಿಲಿನಲ್ಲಿ ಬರೆದಿಡಿ. ಅಜ್ಜಿ ಇನ್ನೂ ಇದ್ದರೆ ಪಕ್ಕದಲ್ಲಿ ಕೂತು ಒಂದು ಮಾತು ಕೇಳಿ: 'ಅಜ್ಜೀ, ನೀವು ಶಾಲೆ ಯಾವ ತರಗತಿಯಲ್ಲಿ ಬಿಟ್ಟಿರಿ? ಯಾಕೆ ಬಿಟ್ಟಿರಿ?'