ಆಟದ ನಿಯಮವೂ ಆಡುವವರ ಮತವೂ

ರಾಜ್ಯಗಳ ಏಳುಬೀಳುಗಳನ್ನೂ ಶಾಸನಗಳ ಪಾಠಾಂತರಗಳನ್ನೂ ವಿಚಾರಿಸಿದಷ್ಟು ಶ್ರದ್ಧೆಯಿಂದ ನಮ್ಮ ಇತಿಹಾಸಕಾರರು ಜನರ ಆಟಗಳನ್ನು ವಿಚಾರಿಸಿದ್ದು ಕಡಮೆ. ಆದರೆ ನಿಯಮವು ಹೇಗೆ ಹುಟ್ಟುತ್ತದೆ, ಅದನ್ನು ಬದಲಿಸುವ ಅಧಿಕಾರ ಯಾರದು, ಬದಲಾವಣೆಗೆ ಒಪ್ಪದವರ ಗತಿಯೇನು ಎಂಬ ಪ್ರಶ್ನೆಗಳು ರಾಜ್ಯದಲ್ಲಿ ಏಳುವಂತೆಯೇ ಆಟದಲ್ಲಿಯೂ ಏಳುತ್ತವೆ. ವಿಡಿಯೋ ಆಟಗಳನ್ನು ನಿರ್ಮಿಸುವ ಕೆಲವು ಸಂಸ್ಥೆಗಳು, ಆಟಕ್ಕೆ ಹೊಸದಾಗಿ ಏನನ್ನು ಸೇರಿಸಬೇಕೆಂಬುದನ್ನು ಆಟಗಾರರ ಮತಕ್ಕೆ ಹಾಕುವ ಪದ್ಧತಿಯನ್ನು ಈಚೆಗೆ ತಂದಿವೆ. ಇದು ಪ್ರಜಾಪ್ರಭುತ್ವದ ಹೊಸದೊಂದು ಶಾಖೆಯೆಂದು ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರು ಭಾವಿಸುತ್ತಾರೆ. ಆ ಭಾವನೆ ಎಷ್ಟರಮಟ್ಟಿಗೆ ನಿಲ್ಲುವಂಥದೆಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಮೊದಲು ನಮ್ಮ ಸೀಮೆಯ ಮಾತು. ಹಂಪೆಯ ಮಂಟಪಗಳ ನೆಲಹಾಸಿನಲ್ಲಿಯೂ ಜಗಲಿಗಳ ಮೇಲೆಯೂ ಹುಲಿ-ಕುರಿ ಆಟದ ಗೆರೆಗಳನ್ನೂ ಇತರ ಆಟಗಳ ಮನೆಗಳನ್ನೂ ಕೊರೆದಿರುವುದನ್ನು ಅಲ್ಲಿಗೆ ಹೋದವರೆಲ್ಲರೂ ನೋಡಬಹುದು. ಗುಡಿಯ ಶಾಸನವು ದಾನಿಯ ಹೆಸರನ್ನು ಸಾರುತ್ತದೆ. ಈ ಗೆರೆಗಳು ಯಾರ ಹೆಸರನ್ನೂ ಸಾರುವುದಿಲ್ಲ. ಅವು ಯಾರು ಬೇಕಾದರೂ ಕುಳಿತು ಆಡಬಹುದಾದ ಹಾಸುಗಳು. ಸಂಡೂರು ತಾಲ್ಲೂಕಿನ ಬಂಡ್ರಿಯಲ್ಲಿ ಹಿರಿಯರು ಕಟ್ಟೆಯ ಮೇಲೆ ಸುಣ್ಣದ ಗೆರೆ ಎಳೆದು ಚೌಕಾಬಾರಕ್ಕೆ ಕುಳಿತಿದ್ದುದನ್ನು ನಾವು ಒಮ್ಮೆ ನೋಡಿದೆವು. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಮನೆಗೆ ಹೋಗಬಹುದೇ ಎಂಬ ವಿಷಯದಲ್ಲಿ ಅವರಲ್ಲಿ ಭಿನ್ನಾಭಿಪ್ರಾಯ ಹುಟ್ಟಿತು. ಕೆಲಹೊತ್ತು ಮಾತು ನಡೆದು, ಹೊಡೆಯಲೇಬೇಕೆಂದು ನಾಲ್ವರೂ ಒಪ್ಪಿದ ಮೇಲೆಯೇ ಮೊದಲ ಕವಡೆ ಬಿದ್ದಿತು. ಇಲ್ಲಿ ಮತಗಣನೆ ನಡೆಯಲಿಲ್ಲ, ನಡೆದದ್ದು ಸಮ್ಮತಿ. ಒಪ್ಪದವನೊಬ್ಬ ಎದ್ದುಹೋದರೆ ಆಟವೇ ನಿಲ್ಲುತ್ತದೆಯಾದ್ದರಿಂದ ಒಬ್ಬನ ಮಾತಿಗೂ ಬೆಲೆಯಿತ್ತು. ಎದ್ದುಹೋದವನು ಬೇರೊಂದು ಕಟ್ಟೆಯ ಮೇಲೆ ತನ್ನ ನಿಯಮದಂತೆ ಗೆರೆ ಎಳೆದುಕೊಳ್ಳುವುದಕ್ಕೂ ಯಾವ ಅಡ್ಡಿಯೂ ಇರಲಿಲ್ಲ.

ಇದಕ್ಕೆ ಎದುರಾದ ಮಾರ್ಗವೊಂದು ಮೈಸೂರಿನ ಅರಮನೆಯಲ್ಲಿ ಕಾಣುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ಆಟಗಳಲ್ಲಿ ಅಪಾರವಾದ ಆಸಕ್ತಿಯುಳ್ಳವರಾಗಿದ್ದರು. ಅವರ ಆಶ್ರಯದಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಎಂಬ ಭಾಗದಲ್ಲಿ ಅನೇಕ ಆಟಗಳ ವಿವರಣೆಯಿದೆ. ಗಂಜೀಫಾ ಎಲೆಗಳ ಆಟದಲ್ಲಿ ಅವರು ಹೊಸ ಹೊಸ ಪ್ರಕಾರಗಳನ್ನು ಕಲ್ಪಿಸಿದರು. ಅವುಗಳಲ್ಲಿ ಎಲೆಗಳ ಸಂಖ್ಯೆ 360ರವರೆಗೆ ಹೋಗುತ್ತದೆ. ನಿಯಮವನ್ನು ರಚಿಸುವ ಅಧಿಕಾರ ಇಲ್ಲಿ ಒಬ್ಬ ಪ್ರತಿಭಾವಂತನಲ್ಲಿ ನೆಲೆಸಿತ್ತು. ಕಲ್ಪನೆ ವೈಭವಯುತವಾದುದು, ಆದರೆ ಈ ಜಟಿಲವಾದ ಪ್ರಕಾರಗಳು ಅರಮನೆಯ ಹೊರಗೆ ಅಷ್ಟಾಗಿ ಹರಡಲಿಲ್ಲ. ಆಡುವವರನ್ನು ಕೇಳದೆ ಮಾಡಿದ ನಿಯಮಕ್ಕೆ ಜನರು ಎದುರು ಹೇಳಬೇಕಾಗಿಲ್ಲ, ಆಡದಿದ್ದರೆ ಸಾಕು.

ಇನ್ನು ಮತದಾನದ ಮಾರ್ಗ. ಇಂಗ್ಲೆಂಡಿನ ಕೇಂಬ್ರಿಜಿನಲ್ಲಿರುವ ಜಾಗೆಕ್ಸ್ ಸಂಸ್ಥೆಯ ರೂನ್‌ಸ್ಕೇಪ್ ಆಟವು ಕಾಲಕ್ರಮದಲ್ಲಿ ಬಹಳವಾಗಿ ಬದಲಾದಾಗ, ಹಳೆಯ ರೂಪವೇ ಬೇಕೆಂಬ ಕೂಗು ಆಟಗಾರರಲ್ಲಿ ಎದ್ದಿತು. 2013ರ ಫೆಬ್ರವರಿಯಲ್ಲಿ ಸಂಸ್ಥೆಯು ಈ ವಿಷಯವನ್ನು ಮತಕ್ಕೆ ಹಾಕಲು ನಾಲ್ಕು ಲಕ್ಷಕ್ಕೂ ಮಿಕ್ಕು ಮತಗಳು ಬಂದವು. ಅದರ ಫಲವಾಗಿ 2007ರ ಆಗಸ್ಟಿನ ಪ್ರತಿಯೊಂದನ್ನು ಆಧಾರವಾಗಿಟ್ಟುಕೊಂಡು ‘ಓಲ್ಡ್ ಸ್ಕೂಲ್ ರೂನ್‌ಸ್ಕೇಪ್’ ತೆರೆಯಿತು. ಅಂದಿನಿಂದ ಮುಖ್ಯವಾದ ಸೇರ್ಪಡೆಗಳಿಗೆ ಶೇಕಡ 75ರಷ್ಟು ಮತ ಬೇಕೆಂಬ ಕಟ್ಟುಪಾಡು ನಡೆದುಬಂದಿತು. 2022ರಲ್ಲಿ ಅದನ್ನು 70ಕ್ಕೆ ಇಳಿಸಲಾಯಿತು. 2019ರಲ್ಲಿ ‘ವಾರ್ಡಿಂಗ್’ ಎಂಬ ಹೊಸ ವಿದ್ಯೆಯನ್ನು ಸೇರಿಸುವ ಸೂಚನೆಗೆ ಸುಮಾರು ಶೇಕಡ 66ರಷ್ಟು ಮತ ಬಂದರೂ ಅದು ಬಿದ್ದುಹೋಯಿತು. 2015ರಲ್ಲಿ ಬಿದ್ದಿದ್ದ ನೌಕಾಯಾನದ ಸೂಚನೆಯು 2023ರಲ್ಲಿ ಗೆದ್ದು, 2025ರ ನವೆಂಬರಿನಲ್ಲಿ ಆಟದೊಳಗೆ ಬಂದಿತು.

ಮೈನ್‌ಕ್ರಾಫ್ಟ್ ಎಂಬ ಆಟದ ಪದ್ಧತಿ ಬೇರೆ. ಅಲ್ಲಿ 2017ರಲ್ಲಿ ನಾಲ್ಕು ಕಲ್ಪಿತ ಪ್ರಾಣಿಗಳನ್ನು ಮುಂದಿಟ್ಟು ಒಂದನ್ನು ಆರಿಸಲು ಹೇಳಿದರು. 2020ರಿಂದ 2023ರವರೆಗೆ ಇಂಥ ಮತದಾನ ವರ್ಷಕ್ಕೊಮ್ಮೆ ನಡೆಯಿತು. 2023ರಲ್ಲಿ ಏಡಿ, ಪೆಂಗ್ವಿನ್, ಆರ್ಮಡಿಲೊ ಎಂಬ ಮೂರರಲ್ಲಿ ಆರ್ಮಡಿಲೊ ಸುಮಾರು ಶೇಕಡ 42ರಷ್ಟು ಮತ ಪಡೆದು ಗೆದ್ದಿತು. ಮೂರನ್ನೂ ಸೇರಿಸಲು ಶಕ್ತಿಯುಳ್ಳ ಸಂಸ್ಥೆಯು ತಮ್ಮನ್ನು ಹೀಗೆ ಪರಸ್ಪರ ಸ್ಪರ್ಧೆಗೆ ಹಚ್ಚುವುದೇಕೆಂದು ಆಟಗಾರರು ಆ ವರ್ಷ ಬಹಿಷ್ಕಾರಕ್ಕೆ ಕರೆಕೊಟ್ಟಿದ್ದರು. 2024ರಲ್ಲಿ ಸಂಸ್ಥೆಯು ಈ ಮತದಾನವನ್ನೇ ಕೈಬಿಟ್ಟಿತು.

ಈ ಎರಡು ನಿದರ್ಶನಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಒಂದು ಕಡೆ 66 ಸೋತಿತು. ಇನ್ನೊಂದು ಕಡೆ 42 ಗೆದ್ದಿತು. ಆದ್ದರಿಂದ ‘ಬಹುಮತ’ ಎಂಬುದು ಜನರ ಇಚ್ಛೆಯಿಂದ ಮಾತ್ರ ಹುಟ್ಟುವ ವಸ್ತುವಲ್ಲ. ಪ್ರಶ್ನೆಯನ್ನು ಕೇಳಿದ ಕ್ರಮವೂ ಅದನ್ನು ಹುಟ್ಟಿಸುತ್ತದೆ. ಬೇಕೋ ಬೇಡವೋ ಎಂದು ಕೇಳಿ ಎತ್ತರದ ಗಡಿಯನ್ನಿಟ್ಟರೆ ಹಳೆಯದನ್ನು ಕಾಯುವವರಿಗೆ, ಅವರು ನಾಲ್ಕರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚಾಗಿದ್ದರೂ, ತಡೆಯುವ ಶಕ್ತಿ ಬರುತ್ತದೆ. ಮೂರರಲ್ಲಿ ಒಂದೆಂದು ಕೇಳಿದರೆ ಮತಗಳು ಚೆದರಿ, ಅರ್ಧಕ್ಕಿಂತ ಹೆಚ್ಚಿನವರು ಬಯಸದ ವಸ್ತುವಿಗೂ ಜಯ ದೊರೆಯುತ್ತದೆ. ಪ್ರಶ್ನೆಯನ್ನು ರಚಿಸುವವನ ಕೈಯಲ್ಲಿ ಉತ್ತರದ ಅರ್ಧ ಭಾಗ ಇರುತ್ತದೆಂಬುದು ಚುನಾವಣೆಗಳ ಇತಿಹಾಸವನ್ನು ಓದಿದವರಿಗೆ ಹೊಸ ಮಾತಲ್ಲ.

ಹಾಗೆಂದು ಈ ಮತದಾನವನ್ನು ನಾವು ತಿರಸ್ಕರಿಸುವುದಿಲ್ಲ. ಲಕ್ಷಾಂತರ ಜನರು ದೇಶದೇಶಗಳಿಂದ ಕೂಡಿ ಆಡುವ ಆಟದಲ್ಲಿ, ಕಟ್ಟೆಯ ಮೇಲಿನ ನಾಲ್ವರಂತೆ ಎಲ್ಲರ ಸಮ್ಮತಿಯನ್ನು ಪಡೆಯುವುದು ಅಸಾಧ್ಯ. ಏನನ್ನೂ ಕೇಳದಿರುವುದಕ್ಕಿಂತ ಕೇಳುವುದು ಮೇಲು. ರೂನ್‌ಸ್ಕೇಪಿನ ಹಳೆಯ ರೂಪ ಉಳಿದುಬಂದುದು ಮತದ ಬಲದಿಂದಲೇ. ಆದರೆ ಆಟದ ಹಾಸು ಅಲ್ಲಿ ಆಟಗಾರನದಲ್ಲ. ಮತದ ಹಕ್ಕನ್ನು ಕೊಟ್ಟವರೇ ಅದರ ಗಡಿಯನ್ನು ಇಳಿಸಬಲ್ಲರು, ಬೇಡವೆನಿಸಿದಾಗ ಅದನ್ನೇ ನಿಲ್ಲಿಸಬಲ್ಲರು. ಸೋತವನು ತನ್ನ ಕಟ್ಟೆಯನ್ನು ತಾನು ಕಟ್ಟಿಕೊಳ್ಳುವಂತಿಲ್ಲ. ಇದು ಅನುಗ್ರಹವೇ ಹೊರತು ಅಧಿಕಾರವಲ್ಲ. ಇದನ್ನು ಅರಮನೆಗೂ ಕಟ್ಟೆಗೂ ನಡುವಣ ಒಂದು ಸ್ಥಿತಿಯೆಂದು ಕರೆಯುವುದು ಯುಕ್ತ.

ನಮ್ಮ ತರಗತಿಗಳಲ್ಲಿ ಮತದಾನದ ಮಹತ್ವವನ್ನು ಬೋಧಿಸುವಾಗ ಈ ವಿವೇಕವನ್ನೂ ಜೊತೆಗೆ ಬೋಧಿಸಬೇಕಾಗಿದೆ. ಮತ ಹಾಕಿದೆವೆಂಬ ತೃಪ್ತಿಯಲ್ಲಿ ಮೂರು ಪ್ರಶ್ನೆಗಳು ಮರೆಯಾಗಬಾರದು: ಪ್ರಶ್ನೆಯನ್ನು ರಚಿಸಿದವರು ಯಾರು? ಗೆಲುವಿನ ಗಡಿಯನ್ನು ಇಟ್ಟವರು ಯಾರು? ಸೋತವರಿಗೆ ಉಳಿದಿರುವ ದಾರಿ ಯಾವುದು? ಬಂಡ್ರಿಯ ಕಟ್ಟೆಯ ಮೇಲೆ ಕುಳಿತಿದ್ದ ಆ ಹಿರಿಯರು ಈ ಮೂರಕ್ಕೂ ಉತ್ತರವನ್ನು ತಮ್ಮಲ್ಲಿಯೇ ಇಟ್ಟುಕೊಂಡಿದ್ದರು. ಕೈಯಲ್ಲಿ ಮೊಬೈಲು ಹಿಡಿದು ಆಡುವ ಅವರ ಮೊಮ್ಮಕ್ಕಳು ಅದೇ ಪ್ರಶ್ನೆಗಳನ್ನು ಹೊಸದಾಗಿ ಕೇಳಬೇಕಾಗಿದೆ.